ಹಿಂದೆ ಎಳೆಯಲ್ಲ, ಮುಂದೆ ಚುಚ್ಚುತ್ತೆ

ಆಲ್ದೂರು ಕಡೆಯ ಕಾಫಿ ತೋಟದಿಂದ ನಮ್ಮ ಫಿಸಿಯೋಥೆರಪಿ ಓಪಿಡಿಗೆ ಬರುತ್ತಿದ್ದ ಹೆಂಗಸು ಅವರು. ಇಳಿಜಾರು ಹತ್ತುವಾಗ ಬಲಗಾಲಿನ ಪಾದ ಮಡಚುತ್ತಿರಲಿಲ್ಲ, ಕುಕ್ಕರಗಾಲಲ್ಲಿ ಕೂತರೆ ಹಿಮ್ಮಡಿ ಮೇಲೇಳುತ್ತಿತ್ತು. ಮೀನಖಂಡ ಬಿಗಿ ಅಂತ ಬರೆದೆ. ಅಚ್ಚು ಹಾಕಿಸಿಟ್ಟ ಹಾಳೆ ಕೈಗಿತ್ತೆ: ಟವೆಲ್ ಸ್ಟ್ರೆಚ್, ಗೋಡೆ ಸ್ಟ್ರೆಚ್, 30 ಸೆಕೆಂಡು, ದಿನಕ್ಕೆ ಮೂರು ಸಲ.

ಆರು ವಾರ ಕಳೆದರೂ ಕೀಲು ಎಷ್ಟು ಬಗ್ಗುತ್ತದೆಂದು ಅಳೆಯುವ ಗೋನಿಯೋಮೀಟರ್ ಕದಲಲಿಲ್ಲ. "ಮನೇಲಿ ಮಾಡ್ತಾನೇ ಇಲ್ಲ ನೀವು" ಅಂತ ಗದರಿಬಿಟ್ಟೆ. ಅವರು ಮಾತಾಡಲಿಲ್ಲ.

ಗೋಡೆಯ ಮುಂದೆ ನಿಲ್ಲಿಸಿ, ಹಿಮ್ಮಡಿ ನೆಲಕ್ಕೆ ಒತ್ತಿ ಹಿಡಿದು, ಮಂಡಿ ಗೋಡೆಗೆ ತಾಗಿಸಿ ಅಂದೆ. ಎಡಗಾಲು ಸಲೀಸಾಗಿ ತಾಗಿತು. ಬಲಗಾಲು ಅರ್ಧದಲ್ಲೇ ನಿಂತಿತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ನಾನೇ ಮಂಡಿ ಹಿಡಿದು ಮುಂದಕ್ಕೆ ತಳ್ಳಿದೆ. ಅವರ ಕೈ ಕಿಟಕಿ ಸರಳನ್ನು ಬಿಗಿಯಾಗಿ ಹಿಡಿಯಿತು, ತುಟಿ ಬೆಳ್ಳಗಾಯಿತು. ಆಮೇಲೆ ಬಗ್ಗಿ ಪಾದದ ಗಂಟಿನ ಮುಂಭಾಗಕ್ಕೆ ಹೆಬ್ಬೆರಳು ಒತ್ತಿದರು. "ಹಿಂದೆ ಏನೂ ಎಳೆಯಲ್ಲ ಮೇಡಂ. ಇಲ್ಲಿ, ಬಾಗಿಲ ಸಂದೀಲಿ ಕಲ್ಲು ಸಿಕ್ಕಿಕೊಂಡ ಹಾಗೆ."

ಮೊದಲ ದಿನವೂ ಇದನ್ನೇ ಹೇಳಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಕಣಕಾಲಿನ ದೊಡ್ಡ ಮೂಳೆ ಟಿಬಿಯಾದ ಕೆಳತುದಿಯ ಮುಂದಿನ ಅಂಚಿಗೆ ಮೂಳೆ ಕೊಕ್ಕಿನಂತೆ ಬೆಳೆದಿತ್ತು. ಕೇಳಿದಾಗ ತಿಳಿಯಿತು, ಅದೇ ಕಾಲು ಎಷ್ಟೋ ಸಲ ಉಳುಕಿತ್ತಂತೆ. ಮೂಳೆಗೆ ಮೂಳೆ ತಾಗುವ ಕಡೆ ಯಾವ ಸ್ಟ್ರೆಚಿಂಗೂ ನಡೆಯದು. ನಾನು ಮಾಡಿಸಿದ್ದು ಆರು ವಾರ ದಿನವೂ ಅದೇ ಜಾಗವನ್ನು ಜಜ್ಜಿಸಿದ್ದು.

ಮೀನಖಂಡವೇ ಬಿಗಿಯಾಗಿದ್ದರೆ ಎಳೆತ ಹಿಂದೆ ಗೊತ್ತಾಗುತ್ತದೆ. ಮಂಡಿ ಮಡಚಿದಾಗ ಪಾದ ಹೆಚ್ಚು ಬಗ್ಗಿದರೆ ಮೀನಖಂಡದ ಹೊರಪದರದ ಸ್ನಾಯು ಗ್ಯಾಸ್ಟ್ರಾಕ್ನೀಮಿಯಸ್ ಮೇಲೆ ಅನುಮಾನ. ಅಂಥವರಿಗೆ ವಾರಗಟ್ಟಲೆ ಬಿಡದೆ ಸ್ಟ್ರೆಚ್ ಮಾಡಿಸಿದರೆ ನಾಲ್ಕೈದು ಡಿಗ್ರಿ ಸಿಗಬಹುದು. ಮೆಟ್ಟಿಲಿಳಿಯೋಕೆ ಅಷ್ಟೂ ದೊಡ್ಡದೇ. ಪ್ಲಾಸ್ಟರ್ ಬಿಚ್ಚಿದವರಲ್ಲಿ ಕೀಲೇ ಬಿಗಿದು, ಪಾದದ ಗಂಟಿನೊಳಗಿನ ಮೂಳೆ ಟೇಲಸ್ ಹಿಂದಕ್ಕೆ ಜಾರದಿದ್ದರೆ ಬೆಲ್ಟ್ ಹಾಕಿ ಕೀಲನ್ನು ಸರಿಸಿ ಸಡಿಲಿಸಬೇಕು (ಮೊಬಿಲೈಸ್). ಎಲ್ಲ ಓದಿದ್ದೇ. ಆದರೆ ಒಬ್ಬರಿಗೆ 15 ನಿಮಿಷದ ಸ್ಲಾಟ್ ಕೊಟ್ಟು, ತಿಂಗಳ ಕೊನೆಗೆ ತಲೆ ಎಣಿಸುವ ಮ್ಯಾನೇಜ್ಮೆಂಟಿಗೆ ಹಾಳೆ ಸಾಕು. ನನಗೆ ಸಾಕಾಗಬಾರದಿತ್ತು.

ಎಕ್ಸ್‌ರೇ ತೋರಿಸಿದಾಗ ಅವರು ಕೇಳಿದ್ದು ಒಂದೇ: "ಹಂಗಾದ್ರೆ ನಾನು ಸರಿಯಾಗೇ ಮಾಡಿದ್ದೆ ಅಲ್ವಾ?"

ಹೌದು, ತಪ್ಪು ನನ್ನದು ಅಂದೆ. ಆ ಸ್ಟ್ರೆಚ್ ನಿಲ್ಲಿಸಿ, ಗಮ್‌ಬೂಟಿನೊಳಗೆ ಹಿಮ್ಮಡಿಗೊಂದು ಎತ್ತರದ ಪ್ಯಾಡ್ ಇಟ್ಟು, ಆರ್ಥೋ ಡಾಕ್ಟರ ಹತ್ತಿರ ಕಳಿಸಿದೆ. ಕೀಹೋಲ್ ಸರ್ಜರಿ ಮಾಡಬಹುದು ಅಂದಿದ್ದಾರೆ. ಹಣ್ಣು ಕೊಯ್ಲು ಮುಗಿಯಲಿ, ಆಮೇಲೆ ಅಂತ ಅವರು.