ಗುಂಡು ಬಿದ್ದ ಜಾಗದಲ್ಲಿ ಏನಿದೆಯೋ ಅದೇ ಲೆಕ್ಕ

ದಡಕ್ಕೆ ಅಂಟಿಕೊಂಡ ಹವಳದ ದಿಬ್ಬಗಳಲ್ಲಿ ನೀರು ತಿಳಿಯಾಗಲಿ ಎಂದು ಕಾಯುತ್ತಾ ಕೂತರೆ ಕೆಲಸವೇ ಆಗುವುದಿಲ್ಲ. ನದಿ ತಂದ ಮಣ್ಣು, ಅಲೆ ಎಬ್ಬಿಸಿದ ಹೂಳು, ಎಲ್ಲ ಅಲ್ಲೇ ಸುತ್ತುತ್ತಿರುತ್ತದೆ. ಆ ಬೆಳಿಗ್ಗೆ ಹವಳದ ಸ್ಥಿತಿ ದಾಖಲಿಸಲು ನಾವು ನೀರಿಗೆ ಇಳಿದಾಗ ಮೂರು ನಾಲ್ಕು ಮೀಟರ್ ಆಚೆಗೆ ಏನೂ ಕಾಣುತ್ತಿರಲಿಲ್ಲ.

ಮೊದಲು ಗೂಟ ಹುಡುಕಬೇಕು. ವರ್ಷಗಳ ಹಿಂದೆ ತಳಕ್ಕೆ ಬಡಿದಿಟ್ಟ ಉಕ್ಕಿನ ಗೂಟಗಳು. ಈಗ ಪಾಚಿ, ಸ್ಪಂಜು ಮೆತ್ತಿಕೊಂಡು ಸುತ್ತಲಿನ ಕಲ್ಲಿಗೂ ಅವಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಜಿಪಿಎಸ್ ದೋಣಿಯನ್ನು ಹತ್ತಿರಕ್ಕೆ ತರುತ್ತದೆ ಅಷ್ಟೇ, ಉಳಿದದ್ದನ್ನು ನಾವೇ ತಡಕಾಡಬೇಕು. ಸಿಕ್ಕ ಮೇಲೆ ಗೂಟದಿಂದ ಗೂಟಕ್ಕೆ ಟೇಪ್ ಎಳೆದೆವು. ಹೋದ ಸಲ ನೋಡಿದ ಸಾಲನ್ನೇ ಮತ್ತೆ ನೋಡದಿದ್ದರೆ, ಬದಲಾಗಿದ್ದು ಹವಳವೋ ಜಾಗವೋ ಹೇಳುವುದು ಹೇಗೆ?

ನಾವು ಅನುಸರಿಸಿದ್ದು ರೀಫ್ ಚೆಕ್ ಕ್ರಮ, ಹವಳದ ದಿಬ್ಬಗಳ ಸಮೀಕ್ಷೆಗೆ ಹಲವು ದೇಶಗಳಲ್ಲಿ ಬಳಸುವ ವಿಧಾನ. ಟೇಪಿನ ಪ್ರತಿ ಅರ್ಧ ಮೀಟರಿಗೆ, ದಾರಕ್ಕೆ ಕಟ್ಟಿದ ಸಣ್ಣ ಗುಂಡನ್ನು ಇಳಿಬಿಡುವುದು. ಅದು ಮುಟ್ಟಿದ್ದು ಗಟ್ಟಿ ಹವಳವೋ, ಮೆದು ಹವಳವೋ, ಪಾಚಿಯೋ, ಮರಳೋ, ಹೂಳೋ, ಸ್ಲೇಟಿನ ಮೇಲೆ ಬರೆಯುವುದು. 20 ಮೀಟರಿನ ಒಂದು ಭಾಗಕ್ಕೆ 40 ಬಿಂದು. ಅಂಥ ನಾಲ್ಕು ಭಾಗ, ಒಟ್ಟು 160.

ಎರಡನೇ ಭಾಗದಲ್ಲಿ ಟೇಪಿನಿಂದ ಒಂದು ಗೇಣು ಆಚೆ ಮೇಜಿನಂತೆ ಹರಡಿದ್ದ ಅಕ್ರೊಪೊರಾ ಎಂಬ ಗಟ್ಟಿ ಹವಳವಿತ್ತು. ಅಂಚೆಲ್ಲ ತಿಳಿ ನೇರಳೆ, ಅಂದರೆ ಇನ್ನೂ ಬೆಳೆಯುತ್ತಿದೆ. ಗುಂಡು ಬಿದ್ದದ್ದು ಮಾತ್ರ ಹೂಳಿನ ಮೇಲೆ. ಹೂಳು ಎಂದೇ ಬರೆದೆ. ಸಂಕಟವಾಯಿತು, ಆದರೂ ಈ ಕಟ್ಟುನಿಟ್ಟು ಬೇಕೇ ಬೇಕು ಎನ್ನುವವಳು ನಾನು. ಇಳಿದವರೆಲ್ಲ ತಮಗೆ ಚಂದ ಕಂಡದ್ದನ್ನು ಎಣಿಸಿದರೆ ಹತ್ತು ವರ್ಷದ ದಾಖಲೆಯಲ್ಲಿ ನಮ್ಮ ಇಷ್ಟಾನಿಷ್ಟ ಇರುತ್ತದೆ, ದಿಬ್ಬ ಇರುವುದಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಬಿಳಿ ಕಲೆಗಳು. ದೂರದಿಂದ ಎಲ್ಲ ಬಿಳಿಯೂ ಒಂದೇ, ಮೂಗು ತಾಗುವಷ್ಟು ಹತ್ತಿರ ಹೋಗಬೇಕು. ಬಿಸಿಗೆ ಬಿಳಿಚಿಕೊಂಡ ಹವಳಕ್ಕೆ ಇನ್ನೂ ಜೀವ ಇರುತ್ತದೆ. ಅದರ ಮೈಯೊಳಗಿನ ಸೂಕ್ಷ್ಮ ಪಾಚಿ ಹೊರಟುಹೋಗಿ ಚರ್ಮ ಗಾಜಿನಂತಾಗಿರುತ್ತದೆ, ಅದರೊಳಗಿಂದ ಅಸ್ಥಿಪಂಜರ ಕಾಣುತ್ತದೆ. ಹವಳದ ಆಹಾರದ ದೊಡ್ಡ ಪಾಲು ಬರುವುದೇ ಆ ಪಾಚಿಯಿಂದ. ಬೇಸಿಗೆಯ ಸಾಮಾನ್ಯ ಗರಿಷ್ಠ ಶಾಖಕ್ಕಿಂತ ನೀರು 1 ಡಿಗ್ರಿ ಸೆಲ್ಸಿಯಸ್ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಈ ಗತಿ. ಡ್ರುಪೆಲ್ಲಾ ಎಂಬ ಶಂಖದ ಹುಳು ತಿಂದಿದ್ದರೆ ಚರ್ಮವೇ ಇರುವುದಿಲ್ಲ, ಕೊಂಬೆಗಳ ಬುಡದಲ್ಲಿ ಇಣುಕಿದರೆ ಹುಳುಗಳೂ ಸಿಗುತ್ತವೆ. ಕಾಯಿಲೆಯಾದರೆ ಒಂದು ಕಡೆ ಜೀವ, ನಡುವೆ ಬಿಳಿ ಪಟ್ಟಿ, ಅದರಾಚೆ ಹಸಿರು ಪಾಚಿ ಹತ್ತಿದ ಹಳೇ ಭಾಗ. ಕಾಯಿಲೆ ಎತ್ತ ಸಾಗುತ್ತಿದೆ ಎಂದು ನೋಡಿದರೇ ತಿಳಿಯುತ್ತದೆ. ಮೂರನ್ನೂ ಸುಮ್ನೆ ‘ಬಿಳಿ’ ಎಂದು ಬರೆದರೆ ಆ ದಿನದ ಶ್ರಮವೆಲ್ಲ ನೀರುಪಾಲು. ಅಂದು ನಮಗೆ ಸಿಕ್ಕಿದ್ದರಲ್ಲಿ ಹೆಚ್ಚಿನವು ಶಂಖದ ಹುಳುವಿನ ಕೆಲಸ.

ಕೊನೆಗೆ 5 ಸೆಂಟಿಮೀಟರಿಗಿಂತ ಚಿಕ್ಕ ಹವಳಗಳ ಎಣಿಕೆ. ಇದು ರೀಫ್ ಚೆಕ್‌ನಲ್ಲಿಲ್ಲ, ನಮ್ಮ ತಂಡ ಬೇರೆಯಾಗಿ ಮಾಡುತ್ತದೆ. ಕಲ್ಲಿನ ಸಂದಿಯಲ್ಲಿ ಅಂಗಿಯ ಗುಂಡಿಯಷ್ಟು ಅಗಲದ ಮರಿ ಕಂಡರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ.

ದೋಣಿಗೆ ಹತ್ತಿದ ಮೇಲೆ ದೋಣಿ ನಡೆಸುವ ಹುಡುಗ ಕೇಳಿದ, “ಮೇಡಂ, ಹವಳ ಸಾಯ್ತಾ ಇದೆಯಾ?” ಇವತ್ತಿನ ಸ್ಲೇಟ್ ಒಂದೇ ಇದ್ದಿದ್ದರೆ ಉತ್ತರವೇ ಇರುತ್ತಿರಲಿಲ್ಲ. ನಮ್ಮ ತಂಡದ ಹಿರಿಯರು ಹಳೇ ಹಾಳೆಗಳನ್ನು ಪಕ್ಕದಲ್ಲಿಟ್ಟು ಅವನಿಗೆ ತೋರಿಸಿದರು. ಒಂದು ಬಿಸಿ ಬೇಸಿಗೆಯ ನಂತರ ಗಟ್ಟಿ ಹವಳದ ಪ್ರಮಾಣ ಇಳಿದಿದೆ, ಮತ್ತೆ ಏರಿಲ್ಲ. ಮರಿಗಳ ಸಂಖ್ಯೆ ಮಾತ್ರ ಪ್ರತಿ ಸಲವೂ ಚೆನ್ನಾಗಿದೆ. “ನೋಡಪ್ಪಾ, ಹುಟ್ಟುತ್ತಿವೆ, ದೊಡ್ಡವಾಗುತ್ತಿಲ್ಲ” ಎಂದರು.

ಹಾಗಾದರೆ ನಡುವೆ ಅವನ್ನು ಏನು ತಡೆಯುತ್ತಿದೆ? ಹೂಳಿನ ಮೇಲೆ ಎಲ್ಲರಿಗೂ ಅನುಮಾನ. ಮರಿಗಳ ಮೇಲೆ ಹೂಳು ಕೂತರೆ ಬೆಳಕೂ ಇಲ್ಲ, ಉಸಿರೂ ಇಲ್ಲ. ಅನುಮಾನ ಸಾಲದು, ಅಳತೆ ಬೇಕಲ್ವಾ? ಮುಂದಿನ ಸಲ ಗೂಟದ ಪಕ್ಕದಲ್ಲೇ ನೀರಿನ ಕದಡು ದಾಖಲಿಸುವ ಉಪಕರಣ ಕಟ್ಟಿ, ಮಳೆಗಾಲವಿಡೀ ಬಿಟ್ಟು ನೋಡೋಣ ಎಂದು ದೋಣಿಯಲ್ಲೇ ತೀರ್ಮಾನವಾಯಿತು.