ಕದ್ರಿಯಲ್ಲಿ ಒಡೆದ ಕೊಪ್ಪರಿಗೆ

ಮಂಗಳೂರಿನಲ್ಲಿ ರಿಕ್ಷಾ ಹತ್ತಿ ‘ಕದ್ರಿ’ ಎಂದಷ್ಟೇ ಹೇಳಬೇಡಿ. ಪಾರ್ಕಿನ ಗೇಟಿಗೆ ಇಳಿಸಿ ಹೋಗುತ್ತಾರೆ. ಅಲ್ಲಿಂದ ಬಿಸಿಲಲ್ಲಿ ಬೆವರು ಸುರಿಸುತ್ತ ಬರುವಷ್ಟರಲ್ಲಿ ದೇವಸ್ಥಾನದ ಮಧ್ಯಾಹ್ನದ ಬಾಗಿಲು ಬಿದ್ದಿರುತ್ತದೆ. ‘ಮಂಜುನಾಥ ದೇವಸ್ಥಾನ’ ಎಂದು ಬಿಡಿಸಿ ಹೇಳಿ, ಬೆಳಿಗ್ಗೆಯೇ ಹೋಗಿ.

ಬಂದವರು ಮಂಜುನಾಥನಿಗೆ ಕೈಮುಗಿದು, ಪ್ರಸಾದ ಹಿಡಿದು ಹೊರಟುಬಿಡುತ್ತಾರೆ. ಅಲ್ಲೇ ಇರುವ ಕಂಚಿನ ಲೋಕೇಶ್ವರನ ಮುಂದೆ ನಿಲ್ಲುವವರು ಕಡಿಮೆ. ಮೂರು ಮುಖ, ಆರು ಕೈ, ಕೂತ ಭಂಗಿಯಲ್ಲೇ ಸುಮಾರು ಐದಡಿ. ಪೀಠದ ಸಂಸ್ಕೃತ ಶಾಸನದ ಪ್ರಕಾರ 968ರಲ್ಲಿ ತುಳುನಾಡನ್ನು ಆಳುತ್ತಿದ್ದ ಆಳುಪ ವಂಶದ ದೊರೆ ಕುಂದವರ್ಮ ಇದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ. ದೊರೆ ಶಿವಭಕ್ತ, ಜಾಗ ವಿಹಾರ, ಮೂರ್ತಿ ಬೌದ್ಧರ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನದೆಂಬುದು ಅನೇಕ ವಿದ್ವಾಂಸರ ಮಾತು.

ಅವಲೋಕಿತೇಶ್ವರನ ಕತೆ ‘ಕಾರಂಡವ್ಯೂಹ’ ಎಂಬ ಬೌದ್ಧ ಸೂತ್ರದಲ್ಲಿದೆ. ಅವೀಚಿ ನರಕಕ್ಕೇ ಇಳಿಯುತ್ತಾನೆ. ಬೆಂಕಿ ತಣ್ಣಗಾಗುತ್ತದೆ, ಪಾಪಿಗಳನ್ನು ಬೇಯಿಸುವ ಕೊಪ್ಪರಿಗೆ ಒಡೆದುಹೋಗುತ್ತದೆ, ಕೊಂಡದಲ್ಲಿ ತಾವರೆ ಅರಳುತ್ತದೆ; ಯಮನ ಆಳುಗಳು ಕಂಗಾಲಾಗಿ ಒಡೆಯನ ಬಳಿಗೆ ಓಡುತ್ತಾರೆ. ಯಮಲೋಕದ ಪಟ ನೋಡುತ್ತ, ಸುಳ್ಳು ಹೇಳಿದರೆ ನಾಲಿಗೆ ಕೀಳುತ್ತಾರೆ, ಕೈಮುಗಿಯದಿದ್ದರೆ ದೈವ ಮುನಿಯುತ್ತದೆ ಎಂದು ಕೇಳುತ್ತ ಬೆಳೆದವರು ಈ ಮೂರ್ತಿಯನ್ನು ಅವಸರದಲ್ಲಿ ನೋಡಬಾರದು.

ದೇವಸ್ಥಾನದ ಹಿಂದೆ ಗುಡ್ಡದ ಮೇಲೆ ಕೆರೆಗಳಿವೆ. ಅಲ್ಲಿ ಮೆಟ್ಟಿಲ ಮೇಲೆ ಕೂತಿದ್ದ ಹಿರಿಯರೊಬ್ಬರ ಜೊತೆ ಮಾತು ಬೆಳೆಯಿತು. ಬಹಳ ವರ್ಷಗಳಿಂದ ಧ್ಯಾನ ಮಾಡುವವರು, ಇಂಥ ಭಯ ಹೊತ್ತು ಬರುವವರಿಗೂ ಹೇಳಿಕೊಡುವವರು.

“ಬೌದ್ಧರಲ್ಲೂ ನರಕ ಉಂಟಲ್ಲ?” ಎಂದು ನಾನು ಕೇಳಿದ್ದಕ್ಕೆ ನಕ್ಕರು.

“ಉಂಟು ಮಾರಾಯ್ರೆ, ದೇವದೂತ ಸುತ್ತ ಅಂತ ಬುದ್ಧನ ಉಪದೇಶ ಉಂಟು, ಅದು ಓದಿದ್ರೆ ನಿದ್ದೆ ಬರ್ಲಿಕ್ಕಿಲ್ಲ. ಹೆದರಿ ಬಂದವರಿಗೆ ಮೊದಲು ಅದನ್ನು ಕೊಡ್ಬಾರ್ದು. ಶಂಖಧಮ ಸುತ್ತ ಕೊಡ್ಬೇಕು. ತಪ್ಪು ಮಾಡಿದೆ, ನನಗೆ ನರಕವೇ ಗತಿ ಅಂತ ಗಟ್ಟಿ ಹಿಡ್ಕೊಂಡ್ರೆ ಆ ಹಿಡಿತವೇ ಎಳ್ಕೊಂಡು ಹೋಗ್ತದೆ. ಮಾಡಿದ್ದು ಸರಿಯಲ್ಲ, ಆದ್ರೆ ಕೊರಗಿದ್ರೆ ಅದು ಇಲ್ಲವಾಗುದಿಲ್ಲ, ಇನ್ನು ಮಾಡುದಿಲ್ಲ ಅಂತ ಬಿಟ್ಟು, ಶಂಖ ಊದಿದ ಹಾಗೆ ನಾಲ್ಕು ದಿಕ್ಕಿಗೂ ಮೈತ್ರಿ, ಅಂದ್ರೆ ಎಲ್ಲರಿಗೂ ಒಳ್ಳೇದಾಗಲಿ ಅನ್ನುವ ಭಾವ, ಹರಡಬೇಕು. ಅಷ್ಟೇ.”

ಕ್ರಮವನ್ನೂ ಬಿಡಿಸಿ ಹೇಳಿದರು. ಆರಂಭಕ್ಕೆ ಹತ್ತು ನಿಮಿಷ ಸಾಕು. ಕುರ್ಚಿಯಾದರೂ ಆದೀತು, ಪಾದ ನೆಲಕ್ಕೆ ತಾಗಿರಬೇಕು. ಕಣ್ಣು ಅರ್ಧ ತೆರೆದಿರಲಿ; ಪೂರ್ತಿ ಮುಚ್ಚಿದರೆ ಹಳೆಯ ಚಿತ್ರಗಳೇ ಮೇಲೆದ್ದು ಬರುತ್ತವೆ. ‘ವಿಸುದ್ಧಿಮಗ್ಗ’ ಎಂಬ ಹಳೆಯ ಪಾಳಿ ಗ್ರಂಥ ಮೈತ್ರಿಯನ್ನು ತನ್ನಿಂದಲೇ ಶುರು ಮಾಡಿಸುತ್ತದೆ, ಆದರೆ ‘ಪಾಪಿ’ ಎಂದೇ ಕೇಳಿಸಿಕೊಂಡು ಬೆಳೆದವರಿಗೆ ‘ನಾನು ಸುಖವಾಗಿರಲಿ’ ಎಂಬ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅವರಿಗೆ ಅಜ್ಜಿಯೋ ಮನೆಯ ನಾಯಿಯೋ ಮೊದಲು. ಅದು ಸಲೀಸಾದ ಮೇಲೆ ತನಗೆ, ಆಮೇಲೆ ಪರಿಚಯವಷ್ಟೇ ಇರುವವರಿಗೆ. ಹೆದರಿಸಿದವರ ಸರದಿ ಕೊನೆಗೆ, ಅದಕ್ಕೆ ಅವಸರವಿಲ್ಲ.

ನಡುವೆ ಎದೆ ಹೊಡೆದುಕೊಂಡರೆ? ಭಯಭೇರವ ಸುತ್ತದಲ್ಲಿ ಬುದ್ಧ ತನ್ನದೇ ಅನುಭವ ಹೇಳುತ್ತಾನೆ: ಕಾಡಿನಲ್ಲಿ ನಡೆಯುವಾಗ ಭಯ ಬಂದರೆ ಅದು ಇಳಿಯುವವರೆಗೂ ನಡೆಯುತ್ತಲೇ ಇದ್ದ, ಕೂತಾಗ ಬಂದರೆ ಕೂತೇ ಇದ್ದ. ಹೊಸಬರು ಹೀಗೆ ಹಠ ಹಿಡಿಯುವುದು ಬೇಡ ಎಂಬುದು ಹಿರಿಯರ ಅಭಿಪ್ರಾಯ, ನನಗೂ ಸರಿ ಎನಿಸಿತು. ಎದ್ದು ಹದಿನೈದು ಹೆಜ್ಜೆ ಆಚೆ, ಹದಿನೈದು ಈಚೆ. ಹಿಮ್ಮಡಿ ನೆಲ ಮುಟ್ಟುವುದನ್ನಷ್ಟೇ ಗಮನಿಸಬೇಕು. ಮೊದಲ ಹೆಜ್ಜೆಗೇ ಹತ್ತು ದಿನದ ಮೌನ ಶಿಬಿರಕ್ಕೆ ಹೋಗಿ ಕೂರುವುದನ್ನು ಅವರು ಒಪ್ಪುವುದಿಲ್ಲ. ರಾತ್ರಿ ನಿದ್ದೆ ಕೆಟ್ಟರೆ, ಉಸಿರುಕಟ್ಟುವ ಗಾಬರಿ ಪದೇ ಪದೇ ಬಂದರೆ ಧ್ಯಾನ ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು.

ಇನ್ನೊಂದು ತೊಡಕನ್ನು ಅವರೇ ಎತ್ತಿದರು. ದೀಪ ಹಚ್ಚದಿದ್ದರೆ ಕೇಡಾಗುತ್ತದೆ ಎಂದು ನಂಬಿ ಬೆಳೆದವರು ಮೈತ್ರಿಯನ್ನೂ ಹರಕೆ ಮಾಡಿಕೊಳ್ಳುತ್ತಾರಂತೆ. ಒಂದು ದಿನ ತಪ್ಪಿದರೆ ಮನೆಯವರಿಗೆ ಏನೋ ಆದೀತು ಎಂಬ ದಿಗಿಲು.

“ಅಂಥವರಿಗೆ ಎಂತ ಹೇಳ್ತೀರಿ?”

“ಒಂದು ದಿನ ಬೇಕಂತಲೇ ಬಿಡಿ ಅಂತೇನೆ. ಮರುದಿನ ಎಂತ ಆಯ್ತು ಅಂತ ಪುಸ್ತಕದಲ್ಲಿ ಬರೆದಿಡಿ. ಹೆಚ್ಚಿನವರು ಬರಿಯುದು ಒಂದೇ: ಮೀನು ತುಟ್ಟಿ ಆಯ್ತು.”