ತೇಗದ ತೋಪು, ಎರಡನೇ ಥಿನ್ನಿಂಗ್ (ದಟ್ಟಣೆ ತಗ್ಗಿಸಲು ಕೆಲವು ಮರ ಕಡಿಯುವುದು): ಕೊಡಲಿಗೆ ಮೊದಲು ಹಳದಿ ಬಣ್ಣ

ಮರಗಳ ಎಣಿಕೆ ಮುಗಿದಿದೆ. ನಡುಗೂಟಕ್ಕೆ 11.28 ಮೀಟರ್ ಹಗ್ಗ ಕಟ್ಟಿ ಸುತ್ತು ಬಂದರೆ ಹೆಕ್ಟೇರಿನ 25ನೇ ಒಂದು ಪಾಲು ಸಿಗುತ್ತದೆ. ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ತಾಗಿಸಿ ಎಳೆದರೆ ವೃತ್ತ ಕುಗ್ಗಿ ಲೆಕ್ಕ ಕಡಿಮೆ ಬರುತ್ತದೆ, ಮಟ್ಟವಾಗಿಯೇ ಹಿಡಿಯಬೇಕು. ನೈಲಾನ್ ಹಗ್ಗ ಹಿಗ್ಗುತ್ತದೆ, ಬೇಡ. ವೃತ್ತಕ್ಕೆ ಸರಾಸರಿ 44 ಮರ, ಅಂದರೆ ಹೆಕ್ಟೇರಿಗೆ 1100. ಎದೆಯೆತ್ತರದಲ್ಲಿ (1.37 ಮೀಟರ್) ಸರಾಸರಿ ವ್ಯಾಸ 18 ಸೆಂ.ಮೀ.; ಕಾಂಡಗಳ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ ಹೆಕ್ಟೇರಿಗೆ 28 ಚದರ ಮೀಟರ್. ಇದನ್ನು 18 ಚದರ ಮೀಟರಿನ ಆಸುಪಾಸಿಗೆ ಇಳಿಸಬೇಕು: ವೃತ್ತಕ್ಕೆ 26 ಮರ ಉಳಿಸಿ, ಸಣಕಲು 18 ತೆಗೆಯುವುದು.

ಗುರುತು ಹಾಕುವ ಕ್ರಮದಲ್ಲೇ ಎಡವಟ್ಟಾಗುವುದು. ಕಡಿಯುವ ಮರಕ್ಕೆ ಮೊದಲು ಕೆಂಪು ಬಳಿದರೆ ಸೊಟ್ಟಗಿನವು, ಟೊಳ್ಳಾದವು, ತುದಿ ಮುರಿದವು ಮೊದಲ ದಿನವೇ ಪಟ್ಟಿ ಸೇರುತ್ತವೆ. ಹಕ್ಕಿಗಳು ಗೂಡು ಮಾಡುವ ಪೊಟರೆ ಇರುವುದೂ ಅವುಗಳಲ್ಲೇ. ಹಾಗಾಗಿ ಇಲ್ಲಿ ಮೊದಲು ಉಳಿಸುವ ಮರಕ್ಕೆ ಹಳದಿ ಬಣ್ಣದ ಪಟ್ಟಿ: ಪೊಟರೆ ಮರ, ಅತ್ತಿ, ಬಸರಿ, ಬೂರುಗ ಸೇರಿ ಹೆಕ್ಟೇರಿಗೆ ಎಂಟು. ಕೆಂಪು ಆಮೇಲೆ.

ಹಕ್ಕಿಗಳಿಗೆ ನಿಂತ ಒಣಮರ ಬೇಕೆಂದು ತೇಗವನ್ನೇ ಸಾಯಿಸುವುದು ದಂಡ. ಅದರ ಚೇಗು (ಒಳಗಿನ ಗಟ್ಟಿ ಮರ) ಬೇಗ ಕೊಳೆಯುವುದಿಲ್ಲ, ಮರಕುಟಿಗಕ್ಕೆ ಕೊರೆಯುವುದು ಕಷ್ಟ; ಸಾಲದ್ದಕ್ಕೆ ಬುಡದಿಂದ ಮತ್ತೆ ಚಿಗುರುತ್ತದೆ. ನಡುನಡುವೆ ತಾನಾಗಿ ಹುಟ್ಟಿದ ಮೆದು ಮರಗಳೇ ವಾಸಿ. ಅವನ್ನು ನಿಂತಲ್ಲೇ ಒಣಗಿಸಲು ಕಾಂಡದ ಸುತ್ತಲೂ ಎರಡು ಕಚ್ಚು, ನಡುವೆ 10-15 ಸೆಂ.ಮೀ. ಅಂತರ, ಆಳ ತೊಗಟೆ ದಾಟಿ ಬಿಳಿಮರದೊಳಕ್ಕೆ 2-3 ಸೆಂ.ಮೀ. ಬೆರಳಗಲ ತೊಗಟೆ ಉಳಿದರೂ ಅದೇ ಸೇತುವೆಯಾಗಿ ಗಾಯ ಕೂಡಿಕೊಳ್ಳುತ್ತದೆ. ಎರಡು ಮರಗಳಲ್ಲಿ ಆಗಿರುವುದೂ ಇದೇ, ಮತ್ತೆ ಕಚ್ಚು ಹಾಕಬೇಕು. ಮರ ಮುರಿಯುವುದು ಸಾಮಾನ್ಯವಾಗಿ ಕಚ್ಚಿನ ಜಾಗದಲ್ಲೇ, ಆದ್ದರಿಂದ ಏಣಿ ಹಾಕಿ 4-5 ಮೀಟರ್ ಎತ್ತರದಲ್ಲಿ ಕೊರೆದರೆ ಬುಡದ ಮೋಟಾದರೂ ನಿಂತಿರುತ್ತದೆ. ಇಂಥ ಒಣಮರ ದಾರಿಯಿಂದ ಒಂದೂವರೆ ಮರದುದ್ದ ದೂರ ಇರಲೇಬೇಕು.

ಹಳ್ಳದ ಎರಡೂ ದಂಡೆಗೆ 30 ಮೀಟರ್ ಬಿಟ್ಟಾಗಿದೆ, ಅಲ್ಲಿ ಕೆಂಪಿಲ್ಲ. ದಿಮ್ಮಿ ಎಳೆಯುವ ದಾರಿ ಶೇ 10ರ ಇಳಿಜಾರಿನಲ್ಲಿರುವಲ್ಲಿ ಮಳೆನೀರನ್ನು ಪಕ್ಕಕ್ಕೆ ತಿರುಗಿಸಲು ಸುಮಾರು 25 ಮೀಟರಿಗೊಂದು ಓರೆ ಮಣ್ಣುದಿಬ್ಬ. ಕೆಳತುದಿ ತೆರೆದಿರಬೇಕು, ಅಲ್ಲಿ ಸೊಪ್ಪು ಸೇರಿ ಕಟ್ಟಿಕೊಂಡರೆ ನೀರು ನಿಂತು ದಿಬ್ಬವನ್ನೇ ಒಡೆಯುತ್ತದೆ.

ಬಾಕಿ: ಹಕ್ಕಿಗಳ ಗೂಡಿನ ಕಾಲ ಕಳೆದ ಮೇಲೆ ಕಡಿತ, ನಂತರ ಅದೇ ಗೂಟಗಳಲ್ಲಿ ಮರು ಎಣಿಕೆ. ಬೆಳಕು ಬಿದ್ದ ಕಡೆ ಲಂಟಾನ ಕಳೆ ಮೊಳೆತರೆ ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು.